ಹೊಸ್ತಿಲಿಂದ ಕಂಡಷ್ಟು

ತೊಯ್ದ ಉಣ್ಣೆಗೆ ಒಂದು ವಾಸನೆ ಇರುತ್ತದೆ. ಕಂಬಳಿ ಹೊದ್ದು ಬಲ್ಲವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗೆ ಹೇಳಿದರೂ ತಿಳಿಯುವುದಿಲ್ಲ. ಮೊನ್ನೆ ಅಡ್ಡಮಳೆ ಬಂದಾಗ ಪಡಸಾಲೆಯ ಕಿಟಕಿ ಮುಚ್ಚಲು ಮರೆತೆ. ಕಿಟಕಿಯ ಕೆಳಗೆ ಹಾಸಿದ್ದ ಸಣ್ಣ ಹಾಸು ತೊಯ್ದು ತೊಪ್ಪೆಯಾಯಿತು. ಮರುದಿನ ಬೆಳಿಗ್ಗೆ ಅದನ್ನು ಹಿಂಡಿ ಹಿತ್ತಲ ಗೋಡೆಯ ಮೇಲೆ ಹರವಿ ಬಂದೆ. ಬಿಸಿಲೇರಿದಂತೆ ಅದರ ವಾಸನೆ ಅಡುಗೆಮನೆಗೆ ಬಂತು, ನನ್ನ ಒಗ್ಗರಣೆಯನ್ನೂ ದಾಟಿ ಬಂತು. ಸೌಟು ಕೈಯಲ್ಲೇ ಹಿಡಿದು ನಿಂತುಬಿಟ್ಟೆ... ನಮ್ಮ ಮಾಳಿಗೆಯ ಮೇಲಿದ್ದ ನವಲಗುಂದದಾಕಿ ನೆನಪಾದಳು.

ಅವಳಿಗೂ ತಂದೆತಾಯಿ ಇಟ್ಟ ಹೆಸರಿತ್ತು. ಆದರೆ ನಮ್ಮ ಕಡೆ ಸೊಸೆಯಾಗಿ ಬಂದ ಹೆಂಗಸನ್ನು ತವರೂರಿನ ಹೆಸರು ಹಿಡಿದು ಕರೆಯುವುದು ರೂಢಿ. ನಾನು ಈ ಮನೆ ತುಂಬಿ ಮಕ್ಕಳ ಮದುವೆಯನ್ನೂ ಮಾಡಿದೆ, ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ಕಲಿಸಿ ಗಂಟಲು ಒಣಗಿಸಿಕೊಂಡೆ. ಓಣಿಯ ಹಿರಿಯರಿಗೆ ಇನ್ನೂ ಕುಂದಗೋಳದಾಕಿಯೇ. ನಮ್ಮ ಅತ್ತೆ ಕಣ್ಣು ಮುಚ್ಚುವ ತನಕ ಅಣ್ಣಿಗೇರಿಯಾಕಿ. ಬಾಡಿಗೆಗೆ ಬಂದವರಿಗೆ ಈ ಪಟ್ಟ ಕಟ್ಟುವುದಿಲ್ಲ. ಅವಳಿಗೆ ಮಾತ್ರ ಸಿಕ್ಕಿತು, ಅದೂ ನಮ್ಮ ಅತ್ತೆಯ ಬಾಯಿಂದ.

ಅವಳು ಬಂದದ್ದು ಸಂಶೋಧನೆಗೆ. ಸ್ವಂತ ದೇಶ ಬಿಟ್ಟು ಬಂದ ಜನ ಹೊಸ ನೆಲದಲ್ಲಿ ಹೇಗೆ ಬೇರು ಬಿಡುತ್ತಾರೆ ಎನ್ನುವುದು ಅವಳ ವಿಷಯ. ನಮ್ಮ ಕಲಘಟಗಿ ತಾಲ್ಲೂಕು ದಾಟಿದರೆ ಮುಂಡಗೋಡ, ಅಲ್ಲಿ ಟಿಬೆಟಿನಿಂದ ಬಂದವರ ಕ್ಯಾಂಪುಗಳಿವೆ. ಇಂಥ ಓದಿನವರೆಲ್ಲ ಸಾಮಾನ್ಯವಾಗಿ ಅಲ್ಲೇ ಇಳಿದುಕೊಳ್ಳುತ್ತಾರೆ. ಇವಳು ಸುತ್ತಲಿನ ಹಳ್ಳಿಯಲ್ಲಿ ಮನೆ ಬೇಕೆಂದಳು. ಬಂದವರನ್ನಷ್ಟೇ ಕೇಳಿದರೆ ಅರ್ಧ ಕತೆ, ಅವರು ಬಂದಾಗ ಇಲ್ಲಿ ಇದ್ದವರನ್ನೂ ಕೇಳಬೇಕು ಎನ್ನುವುದು ಅವಳ ಹಟ.

ಬಾಡಿಗೆಯ ಮಾತಿಗೆ ಬಂದ ದಿನ ಅತ್ತೆ ಒಂದೇ ಕರಾರು ಹಾಕಿದರು. ಮಾಳಿಗೆಯ ಮೇಲೆ ತತ್ತಿ, ಮಾಂಸ ಬೇಯಬಾರದು. ನಮ್ಮದು ಲಿಂಗ ಕಟ್ಟಿದ ಮನೆ, ಅವಳದು ನವಲಗುಂದದ ಮುಸಲ್ಮಾನರ ಮನೆ. ಮಾತು ಎಲ್ಲಿ ಕೆಡುತ್ತದೋ ಎಂದು ನನಗೆ ಅಂಜಿಕೆ. ಅವಳು ತನಗೆ ಅನ್ನಕ್ಕೆ ಎಸರಿಡುವುದೂ ಬರುವುದಿಲ್ಲ, ಆ ಚಿಂತೆಯೇ ಬೇಡ ಎಂದುಬಿಟ್ಟಳು. ಅದು ಸುಳ್ಳಾಗಿರಲಿಲ್ಲ. ಕೆಲವೇ ದಿನಗಳಲ್ಲಿ ಅವಳ ಊಟ ನಮ್ಮ ಅಡುಗೆಮನೆಗೆ ಇಳಿಯಿತು. ಕೆಳಗೆ ರೊಟ್ಟಿ ಬಡಿಯುವ ಸಪ್ಪಳವಾದರೆ ಮೆಟ್ಟಿಲ ಮೇಲೆ ಅವಳ ಹೆಜ್ಜೆ ಸಪ್ಪಳ. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮೇಲೆ ಒಂದು ತುತ್ತು ಗುರೆಳ್ಳು ಚಟ್ನಿ. ಚೆನ್ನಾಗಿ ಉಣ್ಣುವವರೆಂದರೆ ಅತ್ತೆಗೆ ಮೊದಲಿನಿಂದಲೂ ಜೀವ, ಕರಾರಿನ ಮಾತು ಅವರಿಗೇ ಮರೆತುಹೋಯಿತು.

ಊರು ಮಾತ್ರ ಅಷ್ಟು ಬೇಗ ಬಗ್ಗಲಿಲ್ಲ. ಯಾರನ್ನೇ ಮಾತನಾಡಿಸುವ ಮೊದಲು ಒಂದು ಕಾಗದ ಓದಿ ಹೇಳಿ, ಕೆಳಗೆ ಸಹಿ ಹಾಕಿಸಿಕೊಳ್ಳುವುದು ಅವರ ವಿದ್ಯೆಯ ಪದ್ಧತಿಯಂತೆ. ಒತ್ತಾಯವಿಲ್ಲ, ಬೇಡವೆನಿಸಿದರೆ ನಡುವೆ ಎದ್ದು ಹೋಗಬಹುದು, ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ ಎಂದು ಅದರಲ್ಲಿತ್ತು. ಒಳ್ಳೆಯ ಮಾತೇ. ಆದರೆ ನಮ್ಮ ಕಡೆ ಗೊತ್ತಿಲ್ಲದ ಕಾಗದಕ್ಕೆ ಸಹಿ ಎಂದರೆ ಹೊಲ ಹೋಯಿತೆಂದೇ ಲೆಕ್ಕ. ಹೆಸರು ಬರುವುದಿಲ್ಲ ಅನ್ನುತ್ತಾಳೆ, ಹಾಗಾದರೆ ಸಹಿ ಯಾಕೆ ಕೇಳುತ್ತಾಳೆ ಎಂದು ಕಟ್ಟೆಯ ಮೇಲೆ ದೊಡ್ಡ ಚರ್ಚೆ ನಡೆಯಿತು. ನಮ್ಮ ಭಾವನವರಂತೂ ಅವಳು ಓಣಿಯಲ್ಲಿ ಕಂಡರೆ ಹಿತ್ತಲ ಬಾಗಿಲಿಂದ ಪಾರಾಗುತ್ತಿದ್ದರು.

ಕೊನೆಗೆ ಊರಿನ ಮಾನ ಉಳಿಸಲೆಂದು ಅತ್ತೆಯೇ ಮೊದಲ ಸಹಿ ಹಾಕಿ ಅವಳೆದುರು ಕೂತರು. ಹೊರಗಿನಿಂದ ಬಂದವರು ಎಷ್ಟು ವರ್ಷ ಕಳೆದರೆ ಊರಿನವರಾಗುತ್ತಾರೆ ಎಂದು ಅವಳ ಪ್ರಶ್ನೆ. ಅತ್ತೆ ಅಡಕೆ ಕತ್ತರಿಸುತ್ತಲೇ ಹೇಳಿದರು.

“ನಾ ಇಲ್ಲಿಗೆ ಬಂದು ಮೊಮ್ಮಕ್ಕಳನ್ನ ಕಂಡೆ, ಇನ್ನೂ ಅಣ್ಣಿಗೇರಿಯಾಕಿ ಅಂತಾರ. ನನ್ನ ಯಾಕ ಕೇಳ್ತೀಯವಾ ನವಲಗುಂದದಾಕಿ, ಕರಿಯಾವ್ರನ್ನ ಕೇಳು.”

ಅವಳು ರೆಕಾರ್ಡರು ಬಂದ್ ಮಾಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಂದಿನಿಂದ ಅವಳ ಹೆಸರು ಅದೇ ಆಯಿತು. ಭಾವನವರೂ ಮುಂಬಾಗಿಲಿನಿಂದ ಓಡಾಡತೊಡಗಿದರು.

ಊರವರ ಕತೆಗಳನ್ನೆಲ್ಲ ಹೀಗೆ ಕೆದಕುವವಳು ತನ್ನ ಬಗ್ಗೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಕೇಳಿದರೆ, ಕೇಳುವವರ ಮಾತು ನಡುವೆ ಬಂದರೆ ಹೇಳುವವರ ಮಾತು ಆ ಕಡೆ ವಾಲುತ್ತದೆ, ಅದಕ್ಕೇ ತಮ್ಮ ಕತೆ ಹೇಳಬಾರದೆಂಬ ನಿಯಮ ಎನ್ನುತ್ತಿದ್ದಳು. ನನ್ನ ಜೊತೆಗೂ ಯಾಕೆ ಆ ನಿಯಮ ಎಂದು ನನಗೆ ಸಣ್ಣ ಸಿಟ್ಟಿತ್ತು. ನಾನೇನು ಟಿಬೆಟಿನಿಂದ ಬಂದವಳೇ?

ಭಾನುವಾರ ನನ್ನ ಸ್ಕೂಟಿಯ ಹಿಂದೆ ಅವಳನ್ನು ಕೂರಿಸಿಕೊಂಡು ಕ್ಯಾಂಪಿಗೆ ಹೋಗುತ್ತಿದ್ದೆ. ನನಗೂ ತಿರುಗಾಟದ ಹುಚ್ಚು. ಅಲ್ಲಿ ಒಬ್ಬ ಅಜ್ಜಿ ಇದ್ದಳು. ಎಳೆ ಹರೆಯದಲ್ಲಿ ಹಿಮ ದಾಟಿ ಬಂದು, ಇಲ್ಲಿನ ಕಾಡು ಕಡಿದು ಗೋವಿನಜೋಳ ಬೆಳೆದ ಮೊದಲಿನವರಲ್ಲಿ ಒಬ್ಬಳು. ಮನೆಯ ಮುಂದಿನ ಚಪ್ಪರದಲ್ಲಿ ಮಗ್ಗ ಹೂಡಿಕೊಂಡು ಉಣ್ಣೆಯ ಹಾಸು ನೇಯುತ್ತಿದ್ದಳು. ಕನ್ನಡ ನಮ್ಮಷ್ಟೇ ಸಲೀಸು. ಆದರೆ ಎಷ್ಟು ಭಾನುವಾರ ಹೋದರೂ ಉಪ್ಪು ಬೆಣ್ಣೆ ಹಾಕಿದ ಚಹಾ ಕೊಡುತ್ತಿದ್ದಳೇ ಹೊರತು ಒಂದು ಪ್ರಶ್ನೆಗೂ ಉತ್ತರ ಕೊಡುತ್ತಿರಲಿಲ್ಲ. ಒಂದು ದಿನ ಇವಳು ಸಹಿಯ ಕಾಗದ ತೆಗೆದದ್ದೇ ತಡ, ಅಜ್ಜಿ ಕೈ ಅಡ್ಡ ಮಾಡಿದಳು.

“ಎಲ್ಲಾರೂ ಬರ್ತಾರ, ನನ್ನ ಕತಿ ಒಯ್ತಾರ. ಯಾರೂ ತಮ್ಮದು ಬಿಟ್ಟು ಹೋಗೂದಿಲ್ಲ. ನೀ ಮೊದಲ ಹೇಳು, ನಿಮ್ಮ ಊರಾಗ ನಿನಗ ಏನೈತಿ?”

ನವಲಗುಂದದಾಕಿ ನನ್ನ ಮುಖ ನೋಡಿದಳು. ನಾನು ಬೇಕಂತಲೇ ಚಹಾದ ಬಟ್ಟಲು ನೋಡುತ್ತ ಕೂತೆ. ಅವಳು ಕಾಗದ ಮಡಚಿಟ್ಟು, ಮಗ್ಗ ಐತಿ, ಆದರ ನನಗಲ್ಲ ಎಂದಳು. ಆಮೇಲೆ ಕತೆ ತಾನಾಗಿ ಹೊರಬಂತು.

ಅವಳ ತಾಯಿ ನವಲಗುಂದದ ಜಮಖಾನ ನೇಯುವವಳು. ಅವರ ಮನೆತನದಲ್ಲಿ ಆ ಕೆಲಸವನ್ನು ಸೊಸೆಯರಿಗೆ ಕಲಿಸುತ್ತಾರೆ, ಹೆಣ್ಣುಮಕ್ಕಳಿಗೆ ಕಲಿಸುವುದಿಲ್ಲ. ಮಗಳು ಎಂದಿದ್ದರೂ ಇನ್ನೊಂದು ಮನೆಗೆ ಹೋಗುವವಳು, ಕೈಯಲ್ಲಿನ ವಿದ್ಯೆಯನ್ನೂ ಜೊತೆಗೇ ಒಯ್ಯುತ್ತಾಳೆ ಎಂಬ ಅಂಜಿಕೆ. ಇವಳು ಮದುವೆಯಾಗಲಿಲ್ಲ, ಬೇರೆ ಮನೆಗೆ ಹೋಗಲೂ ಇಲ್ಲ. ಅಣ್ಣನ ಹೆಂಡತಿ ಹುಬ್ಬಳ್ಳಿಯಲ್ಲಿ ನರ್ಸ್, ಅವಳಿಗೆ ಮಗ್ಗದ ಆಸೆಯಿಲ್ಲ. ಮಗ್ಗದ ಮುಂದೆ ಇನ್ನೂ ತಾಯಿ ಒಬ್ಬಳೇ ಕೂರುತ್ತಾಳೆ, ಆದರೂ ಮಗಳಿಗೆ ನೂಲು ಮುಟ್ಟಲು ಬಿಡುವುದಿಲ್ಲ. ಕಲಿಸಿದರೆ, ಇವಳು ಇನ್ನು ಮದುವೆಯಾಗಿ ಹೋಗುವವಳಲ್ಲ ಎಂದು ತಾನೇ ಒಪ್ಪಿಕೊಂಡಂತೆ. ಆ ಆಸೆಯನ್ನು ಆಕೆ ಬಿಟ್ಟಿಲ್ಲ. ಹುಟ್ಟಿದ ಮನೆಯಲ್ಲೇ ಹೊರಗಿನವಳಾಗಿ ಬೆಳೆದದ್ದಕ್ಕೋ ಏನೋ, ಊರು ಬಿಟ್ಟವರ ಬೆನ್ನು ಹತ್ತಿದ್ದೇನೆ ಎಂದು ನಕ್ಕಳು. ಅಮ್ಮಿ ಒಂದು ದಿನ ಕರೆದು ಮಗ್ಗದ ಮುಂದೆ ಕೂರಿಸಿಕೊಂಡರೆ ಸಾಕು, ಪಿಎಚ್‌ಡಿ ಸಿಕ್ಕಷ್ಟೇ ಖುಷಿ ಎಂದು ಅಂದದ್ದು ಮಾತ್ರ ನಗುತ್ತ ಅಲ್ಲ.

ಅಜ್ಜಿ ಎಲ್ಲ ಕೇಳಿಸಿಕೊಂಡು, ಒಂದು ಉಂಡೆ ಕೆಂಪು ಉಣ್ಣೆ ತಂದು ಅವಳ ಮಡಿಲಲ್ಲಿ ಹಾಕಿದಳು. ನಮ್ಮಲ್ಲಿ ಮಗಳಿಗೂ ಕಲಿಸ್ತೀವಿ ಎಂದಷ್ಟೇ ಹೇಳಿದಳು.

ಅಲ್ಲಿಂದ ಮುಂದೆ ಭಾನುವಾರಗಳ ಬಣ್ಣವೇ ಬದಲಾಯಿತು. ಅಜ್ಜಿ ತನ್ನ ಕತೆ ಹೇಳುತ್ತಿದ್ದಳು, ಇವಳು ಕಂಬಿಯ ಮೇಲೆ ಉಣ್ಣೆ ಸುತ್ತಿ, ಗಂಟು ಹಾಕಿ, ಚಾಕುವಿನಿಂದ ಕೊಯ್ಯುತ್ತ ಕೇಳುತ್ತಿದ್ದಳು. ಕೇಳಬೇಕಾದ ಪ್ರಶ್ನೆ ಮರೆಯುತ್ತಿದ್ದಳು, ಅಜ್ಜಿಯೇ ನೆನಪು ಮಾಡಿಕೊಡುತ್ತಿದ್ದಳು. ಅದೆಷ್ಟೋ ಜನ ಕೇಳಿ ಹೋಗಿದ್ದರಿಂದ ಪ್ರಶ್ನೆಗಳೆಲ್ಲ ಆಕೆಗೆ ಬಾಯಿಪಾಠವಾಗಿದ್ದವು. ಯೂನಿವರ್ಸಿಟಿಯಿಂದ ಅವಳ ಗೈಡು ಫೋನು ಮಾಡಿ ಕೆಲಸ ಎಲ್ಲಿಗೆ ಬಂತು ಎಂದರೆ, ಅಂಚಿನ ತನಕ ಬಂದೈತ್ರಿ ಸರ್ ಎಂದು ಹೇಳುವಷ್ಟು ಸೊಕ್ಕು ಬಂದಿತ್ತು ಅವಳಿಗೆ. ಅವಳನ್ನು ಅಷ್ಟು ಸುಖವಾಗಿ ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಒಬ್ಬರು ಕೂರುವಷ್ಟು ಹಾಸು ಮುಗಿಯಿತು. ಅಜ್ಜಿ ಅದನ್ನು ಮಗ್ಗದಿಂದ ಇಳಿಸಿ, ಅಂಚು ಸವರಿ, ಇದು ನಾ ಕಲಿಸಿದ್ದಲ್ಲ ಎಂದಳು. ನವಲಗುಂದದಾಕಿ ಬಗ್ಗಿ ನೋಡಿದಳು. ಗಂಟುಗಳೆಲ್ಲ ಅಜ್ಜಿ ಹೇಳಿಕೊಟ್ಟಂತೆ ಇದ್ದವು. ಅಂಚಿನಲ್ಲಿ ಮಾತ್ರ ಅವಳ ಕೈ ಅವಳಿಗೆ ಗೊತ್ತಿಲ್ಲದಂತೆ ಬೇರೇನೋ ಮಾಡಿತ್ತು. ಅದು ಅವಳ ತಾಯಿ ಹಾಕುವ ಅಂಚು. ಕಲಿಯಬಾರದ ಕೆಲಸವನ್ನು ನೋಡಿ ನೋಡಿಯೇ ಕದ್ದದ್ದಕ್ಕೆ ಈಗ ಸಾಕ್ಷಿ ತಯಾರಾಗಿತ್ತು.

ತಾಯಿಗೆ ತೋರಿಸದೆ ಇರಲಾರಳು, ತೋರಿಸಲು ಧೈರ್ಯವಿಲ್ಲ. ಇದನ್ನು ನೋಡಿ ಅಮ್ಮಿ ಮಗ್ಗದ ಕೋಣೆಗೆ ಕಾಲಿಡಲೂ ಬಿಡದಿದ್ದರೆ ಏನು ಗತಿ ಎನ್ನುತ್ತಿದ್ದಳು. “ಅಕ್ಕೋರ, ನೀವೂ ಬರ್ರಿ. ಮಂದಿ ಮುಂದ ಅಮ್ಮಿ ಬೈಯೂದಿಲ್ಲ,” ಎಂದು ಗಂಟು ಬಿದ್ದಳು. ಶಾಲೆಗೆ ರಜೆ ಹಾಕಿ ಹೋದೆ. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ನವಲಗುಂದ ಮುಟ್ಟುವ ತನಕ ಅವಳು ಹಾಸು ಇಟ್ಟಿದ್ದ ಚೀಲವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ತಾಯಿ ತೆಳ್ಳಗಿನ, ಕಡಿಮೆ ಮಾತಿನ ಹೆಂಗಸು. ಒಳಕೋಣೆಯಲ್ಲಿ ಗೋಡೆಗೆ ಎದ್ದು ನಿಂತ ಮಗ್ಗ, ಅದರಲ್ಲಿ ಕುತ್ತಿಗೆಯ ತನಕ ನೇಯ್ದ ನವಿಲು. ಆಕೆ ಚಹಾ ಕೊಟ್ಟು, ನನ್ನ ಮಕ್ಕಳ ಬಗ್ಗೆ ವಿಚಾರಿಸಿ, ಮತ್ತೆ ಹೋಗಿ ಮಗ್ಗದ ಮುಂದಿನ ಮಣೆಯ ಮೇಲೆ ಕೂತಳು. ಮಗಳು ಹೊಸ್ತಿಲ ಮೇಲೆ ಕೂತಳು. ಸಣ್ಣಂದಿನಿಂದ ಅವಳ ಜಾಗ ಅದೇ ಎಂದು ಕೂತ ರೀತಿಯಿಂದಲೇ ತಿಳಿಯುತ್ತಿತ್ತು. ನಾನು ಮೊಣಕೈಯಿಂದ ತಿವಿದ ಮೇಲೆ ಚೀಲದಿಂದ ಹಾಸು ತೆಗೆದು ತಾಯಿಯ ಕೈಗೆ ಕೊಟ್ಟಳು.

ಆಕೆ ಅದರ ಮೇಲ್ಮೈ ನೋಡಲೇ ಇಲ್ಲ. ನೇರವಾಗಿ ಬೋರಲು ಹಾಕಿ ಬೆನ್ನು ನೋಡಿದಳು. ಬಲ ಅಂಚಿನ ಮೇಲೆ ಬೆರಳು ಓಡಿಸಿದಳು, ಆಮೇಲೆ ಎಡ ಅಂಚಿನ ಮೇಲೆ. ಎಡಗಡೆ ಬೆರಳು ತಡೆದು ತಡೆದು ಹೋಯಿತು. ಮನೆಯಲ್ಲಿ ತಾಯಿ-ಮಗಳದು ಉರ್ದು. ನಾನಿದ್ದೆನೆಂದೋ ಏನೋ, ಕನ್ನಡದಲ್ಲೇ ಹೇಳಿದಳು.

“ಗಂಟು ನಮ್ಮದಲ್ಲ, ಅಂಚು ನಮ್ಮದು. ಬಲಗಡೆ ಬರೋಬರಿ ಐತಿ, ಎಡಗಡೆ ತಪ್ಪೇತಿ. ಹೊಸ್ತಲದ ಮ್ಯಾಲ ಕುಂತು ನೋಡೀದಿ. ಅಲ್ಲಿಂದ ನನ್ನ ಬೆನ್ನು ಅಡ್ಡ ಬರತೈತಿ, ಎಡಗಡೆ ಕಾಣೂದಿಲ್ಲ.”

ನವಲಗುಂದದಾಕಿ ತಲೆ ಎತ್ತಲಿಲ್ಲ. ತಾಯಿ ಮತ್ತೊಮ್ಮೆ ಆ ಎಡ ಅಂಚನ್ನು ಸವರಿ ಹಾಸು ಮಡಚಿಟ್ಟಳು. ಮಣೆಯ ಮೇಲೆ ಬಲಕ್ಕೆ ಸರಿದು ಎಡಗಡೆ ಜಾಗ ಮಾಡಿದಳು. ಆಮೇಲೆ ಉರ್ದುವಿನಲ್ಲಿ ಒಂದೇ ಮಾತು.

“ಬೈಠ್.”

ಅಂದು ಬಸ್ಸಿನಲ್ಲಿ ನಾನೊಬ್ಬಳೇ ಮರಳಿದೆ. ನನಗೆ ಸಂಬಂಧವಿಲ್ಲದ ಒಂದು ಸುಖ ಮೈತುಂಬ ಇತ್ತು. ಪಕ್ಕದಲ್ಲಿ ಕೂತ ಅಪರಿಚಿತ ಹೆಂಗಸಿಗೆ ಚೀಲದಲ್ಲಿದ್ದ ಶೇಂಗಾ ಎಲ್ಲ ಕೊಟ್ಟುಬಿಟ್ಟೆ.

ಮುಂದೆ ಅವಳ ಪ್ರಬಂಧ ಮುಗಿಯಿತು, ಪದವಿ ಬಂತು, ದೂರದ ಊರೊಂದರಲ್ಲಿ ಪಾಠ ಹೇಳುವ ಕೆಲಸವೂ ಸಿಕ್ಕಿತು. ರಜೆ ಬಂದರೆ ಮೊದಲು ನವಲಗುಂದದ ಮಗ್ಗ, ಆಮೇಲೆ ನಮ್ಮ ಮನೆಯ ರೊಟ್ಟಿ. ತಾನು ತಾಯಿಯ ಪಕ್ಕ ಕೂತು ನೇಯ್ದ ಮೊದಲ ಜಮಖಾನವನ್ನು ಕ್ಯಾಂಪಿನ ಅಜ್ಜಿಗೆ ಒಯ್ದು ಕೊಟ್ಟು, ಈಗ ನನ್ನ ಕತೆಯನ್ನೂ ಬಿಟ್ಟು ಹೋಗುತ್ತೇನೆ ಎಂದಳು. ಅಜ್ಜಿ ಅದನ್ನು ದೇವರ ಕೋಣೆಯಲ್ಲಿ ಹಾಸಿಕೊಂಡಳು. ಉಣ್ಣೆಯ ಹಾಸು ನನಗೆ ಬಂತು. ಎಡ ಅಂಚು ನೋಡಿದರೆ ನಾಚಿಕೆಯಾಗುತ್ತದೆ, ನಿಮ್ಮ ಹತ್ತಿರವೇ ಇರಲಿ ಎಂದು ಕೊಟ್ಟಳು.

ಆಮೇಲೆ ನಮ್ಮ ಅತ್ತೆ ಹೋದರು. ಅದಾದ ಮೇಲೆ ಅವಳೂ... ಜ್ವರವೆಂದು ಆಸ್ಪತ್ರೆ ಸೇರಿದವಳು ತಿರುಗಿ ಬರಲಿಲ್ಲ ಎಂದು ಅವಳಣ್ಣ ಫೋನು ಮಾಡಿ ಹೇಳಿದ. ಇನ್ನೂ ಹೋಗುವ ವಯಸ್ಸಾಗಿರಲಿಲ್ಲ. ಈಗಲೂ ರೊಟ್ಟಿ ಬಡಿಯುವಾಗ ಕಿವಿ ಮೆಟ್ಟಿಲ ಕಡೆ ಹೋಗುತ್ತದೆ. ಅವಳು ಬೇಕು ಅನಿಸುತ್ತದೆ, ಬಹಳ ಬೇಕು ಅನಿಸುತ್ತದೆ.

ಹೋದ ವರ್ಷ ಹಾಸಿನ ಎಡ ಅಂಚು ಬಿಚ್ಚತೊಡಗಿತು. ಅದನ್ನು ತೆಗೆದುಕೊಂಡು ನವಲಗುಂದಕ್ಕೆ ಹೋದೆ. ತಾಯಿ ಇನ್ನೂ ಮಗ್ಗದ ಮುಂದೆಯೇ ಇದ್ದಳು, ಮಣೆಯ ಮೇಲೆ ಬಲಕ್ಕೆ ಸರಿದೇ ಕೂತಿದ್ದಳು. ಹಾಸನ್ನು ಬೋರಲು ಹಾಕಿ ಬಹಳ ಹೊತ್ತು ನೋಡಿದಳು. ಎಳೆ ಬಿಚ್ಚಿ ಅಂಚನ್ನು ಸರಿಯಾಗಿ ನೇಯ್ದು ಕೊಡುತ್ತಾಳೆ ಎಂದು ನಾನು ತಿಳಿದಿದ್ದೆ. ಆಕೆ ಸೂಜಿದಾರ ತಂದು, ಬಿಚ್ಚಿದಲ್ಲಿ ಮಾತ್ರ ಹಿಂದಿನಿಂದ ನಾಲ್ಕು ಹೊಲಿಗೆ ಹಾಕಿದಳು. ತಪ್ಪನ್ನು ತಪ್ಪಾಗಿಯೇ ಇಟ್ಟಳು.

“ಇದು ಅಕಿ ಕಣ್ಣಿಗೆ ಕಂಡಷ್ಟು. ಇದಕ್ಕ ನಾ ಕೈ ಹಚ್ಚಂಗಿಲ್ಲ,” ಎಂದಳು.

ಮೊನ್ನೆ ಹಿತ್ತಲ ಗೋಡೆಯ ಮೇಲೆ ಹರವಿದ್ದ ಹಾಸು ಸಂಜೆಗೆ ಒಣಗಿತು. ಬಿಸಿಲಿನ ಬಿಸಿ ಇನ್ನೂ ಆರಿರಲಿಲ್ಲ, ವಾಸನೆ ಮಾತ್ರ ಇಳಿದುಹೋಗಿತ್ತು. ತಂದು ಕಿಟಕಿಯ ಕೆಳಗೆ, ಎಡ ಅಂಚಿಗೆ ಕಾಲು ತಾಗದಂತೆ ಅದನ್ನು ಗೋಡೆಯ ಕಡೆಗೆ ಮಾಡಿ ಹಾಸಿದೆ. ಸ್ವಲ್ಪ ಹೊತ್ತು ನಿಂತೇ ಇದ್ದೆ. ಬೈಠ್ ಎಂದು ನನಗೆ ನಾನೇ ಹೇಳಿಕೊಂಡು, ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟು, ಒಂದು ಬದಿಗೆ ಸರಿದು ಕೂತೆ.