ಪನೀರ್ ಸ್ಟೇಕಿನ ವಿಚಾರಣೆ

ಗೆಳೆಯರೇ, ಊಟ ಬಿಟ್ಟೆದ್ದು ನೇರ ಸೈಬರ್ ಕೆಫೆಗೆ ಬಂದು ಬರೆಯುತ್ತಿದ್ದೇನೆ. ಸಂಪಿಗೆ ರಸ್ತೆಯ ಪಕ್ಕ ಹೊಸದಾಗಿ ತೆರೆದಿರುವ ಮಲೇಷ್ಯಾ ಶೈಲಿಯ ಹಲಾಲ್ ಸ್ಟೇಕ್ ಹೋಟೆಲಿಗೆ ಸಹೋದ್ಯೋಗಿ ರಫೀಕ್ ಎಳೆದುಕೊಂಡು ಹೋದ. ಅವನಿಗೆ ಚಿಕನ್ ಸ್ಟೇಕ್, ಅಂದರೆ ಕಾವಲಿಯ ಮೇಲೆ ಸುಟ್ಟ ದಪ್ಪ ತುಂಡು. ಸಸ್ಯಾಹಾರಿಯಾದ ನನಗೆ ಕಡಲೆಕಾಯಿ ಬೀಜದ ಗೊಜ್ಜು ಸುರಿದ ಪನೀರ್ ಸ್ಟೇಕ್.

ತಟ್ಟೆಗಳು ಹೊಗೆಯಾಡುತ್ತಾ ಬಂದವು. ನನಗೆ ಅನುಮಾನ ಶುರುವಾಯಿತು.

"ಎರಡೂ ಒಂದೇ ಕಾವಲೀಲಿ ಮಾಡಿದ್ದಾ?" ಎಂದು ವೇಟರನ್ನು ಕೇಳಿದೆ.

"ಇಲ್ಲ ಸಾರ್, ಬೇರೆ ಬೇರೆ."

"ಚಾಕು? ಎಣ್ಣೆ?"

ಅವನು ಗೋಡೆಯ ಮೇಲಿದ್ದ ಹಲಾಲ್ ಸರ್ಟಿಫಿಕೇಟ್ ತೋರಿಸಿದ.

"ಅದು ಇವನಿಗಾಯ್ತು. ನಂದೆಲ್ಲಿ?"

ಅವನು ಬೇಸತ್ತು ಅಡುಗೆಯವರನ್ನೇ ಕರೆತಂದ. ಅವರ ಹಣೆಯಲ್ಲಿ ಗಂಧವಿತ್ತು!

"ಯೋಚ್ನೆ ಮಾಡ್ಬೇಡಿ ಸಾರ್. ನಾನೂ ಸಸ್ಯಾಹಾರಿನೇ. ಚಿಕನ್ ಬೇಯಿಸ್ತೀನಿ, ಬಾಯಿಗಿಟ್ಟೋನಲ್ಲ. ನನ್ ಊಟ ಮನೆ ಡಬ್ಬೀಲಿ ಬರತ್ತೆ."

ನನಗೆ ಜೀವ ಬಂದಂತಾಯಿತು. ಆದರೆ ಫೋರ್ಕಿನಲ್ಲಿ ಚಿಕನ್ ಚುಚ್ಚಿ ಬಾಯಿ ತೆರೆದಿದ್ದ ರಫೀಕ್ ಅಲ್ಲಿಗೇ ನಿಂತ.

"ಹಂಗಾದ್ರೆ ಇದರ ರುಚಿ ನೋಡಿದ್ದು ಯಾರು?"

"ಇವತ್ತು ನೀವೇ ಮೊದ್ಲು ಸಾರ್."

ರಫೀಕ್ ಚಿಕನ್ ತುಂಡನ್ನು ತಟ್ಟೆಗೆ ಉದುರಿಸಿ, ಅದೇ ಫೋರ್ಕನ್ನು ನನ್ನ ಪನೀರಿಗೆ ಚುಚ್ಚಿದ. ಇಷ್ಟೆಲ್ಲ ವಿಚಾರಿಸಿದ ನಾನು ಆ ಫೋರ್ಕ್ ಒಂದನ್ನು ಮರೆತಿದ್ದೆ.