ನಿನ್ನ ಕಷ್ಟದ ಮರೆಯಲ್ಲಿ

ಸುನಂದಾ, ನಿಮ್ಮ ಮನೆಯ ವಿಷಯವನ್ನು ಅನಿತಾಳ ಅಡುಗೆಮನೆಯಲ್ಲಿ ಹೇಳಿದವಳು ನಾನು. ನಿನಗದು ಬಹಳ ಹಿಂದೆಯೇ ಗೊತ್ತಾಗಿದೆ — ಆದರೆ ನನ್ನ ಬಾಯಿಂದ ಇದುವರೆಗೂ ಕೇಳಿಲ್ಲ. ಕನಿಕರದಿಂದ ಹೇಳಿದೆ ಎಂದು ಅವತ್ತು ಅಲ್ಲಿದ್ದವರೆಲ್ಲ ಅಂದುಕೊಂಡರು. ನಾನೂ ಕೆಲ ಕಾಲ ಹಾಗೇ ನಂಬಲು ನೋಡಿದೆ. ಕನಿಕರವಲ್ಲ. ನಮ್ಮ ಮನೆಯ ಕಡೆ ತಿರುಗುತ್ತಿದ್ದ ಕಣ್ಣುಗಳನ್ನು ನಿಮ್ಮ ಮನೆಯ ಕಡೆ ತಿರುಗಿಸಬೇಕಾಗಿತ್ತು. ತಿರುಗಿಸಿದೆ.

ಆ ವರ್ಷ ನನ್ನ ಗಂಡ ರಘುವಿನ ಕೆಲಸ ಹೋಗಿತ್ತು. ಗ್ರೀನ್ ಕಾರ್ಡ್ ಬಂದಿದ್ದರಿಂದ ದೇಶ ಬಿಡುವ ಭಯ ಇರಲಿಲ್ಲ. ಇದ್ದದ್ದು ಮಾರ್ಟ್‌ಗೇಜಿನ, ಮನೆಸಾಲದ ಕಂತಿನ ಭಯ. ಅದಕ್ಕಿಂತ ಹೆಚ್ಚಾಗಿ — ಈಗ ಬರೆಯಲು ನಾಚಿಕೆಯಾಗುತ್ತದೆ — ಅನಿತಾಳ ಭಯ. ಈ ಮನ್ರೋ ಊರಿನಲ್ಲಿ ನಾವೊಂದಷ್ಟು ಕನ್ನಡದ ಮನೆಗಳು ಸೇರಿ ಒಂದು ಬಳಗ ಮಾಡಿಕೊಂಡಿದ್ದೆವು. ಅದರ ನಡುಗಂಬ ಅವಳೇ. ಶನಿವಾರ ಯಾವ ಹೋಟೆಲು, ಬೇಸಿಗೆಗೆ ಯಾವ ಬೀಚು, ದೀಪಾವಳಿಗೆ ಯಾವ ಬಣ್ಣದ ಸೀರೆ — ಎಲ್ಲವನ್ನೂ ಅವಳೇ ತೀರ್ಮಾನಿಸುತ್ತಿದ್ದಳು, ನಾವು ಹೂಂ ಅನ್ನುತ್ತಿದ್ದೆವು. ಕೆಟ್ಟವಳಲ್ಲ. ಅವಳಿಗೆ ‘ಆಗುವುದಿಲ್ಲ’ ಎನ್ನುವ ಮಾತು ಅರ್ಥವಾಗುತ್ತಿರಲಿಲ್ಲ, ಅಷ್ಟೇ. ಅವಳ ಮುಂದೆ ಆ ಮಾತು ಹೇಳುವುದಕ್ಕಿಂತ ಹಸಿದಿರುವುದೇ ವಾಸಿ ಎಂದು ನನಗೆ ಅನ್ನಿಸಿತ್ತು.

ಹಸಿದೇ ಇದ್ದೆ. ಶನಿವಾರ ಒಪ್ಪತ್ತು ಹಿಡಿದಿದ್ದೇನೆ ಎಂದು ಸಾರಿದೆ. ಎಲ್ಲರೂ ಥಾಲಿ ತರಿಸಿಕೊಂಡು ಊಟ ಮಾಡುವಾಗ ನಾನು ಮಜ್ಜಿಗೆ ಕುಡಿಯುತ್ತಾ ಕೂತಿರುತ್ತಿದ್ದೆ. ‘ವೀಣಾ ಎಷ್ಟು ಡಿಸಿಪ್ಲಿನ್ಡ್ ನೋಡಿ’ ಎಂದು ಹೊಗಳುತ್ತಿದ್ದರು. ರಘು ಮನೆಯಲ್ಲಿ ಅನ್ನ ಸಾರು ತಿಂದು ಬಂದು ಸೂಪ್ ಮಾತ್ರ ಕುಡಿಯುತ್ತಿದ್ದ. ಯಾರದೋ ಪಾರ್ಟಿಗೆಂದು ಅವನಿಗೆ ಕೋಟು ಕೊಂಡೆ — ಟ್ಯಾಗ್ ಕೀಳದೆ ಕಾಲರಿನೊಳಗೆ ಮಡಚಿಟ್ಟೆ. ಅದು ಕುತ್ತಿಗೆಗೆ ಚುಚ್ಚುತ್ತಿತ್ತು. ಫೋಟೋ ತೆಗೆಯುವಾಗೆಲ್ಲ ಅವನು ಕತ್ತು ಓರೆ ಮಾಡುತ್ತಿದ್ದ, ಎಲ್ಲರೂ ಅದೊಂದು ಸ್ಟೈಲ್ ಎಂದುಕೊಂಡರು. ಸೋಮವಾರ ಕೋಟನ್ನು ಅಂಗಡಿಗೆ ವಾಪಸ್ಸು ಕೊಟ್ಟು ದುಡ್ಡು ತೆಗೆದುಕೊಂಡು ಬಂದೆ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಫೋನು ಎತ್ತುವ ನನ್ನ ಅರ್ಧ ದಿನದ ಕೆಲಸದಲ್ಲಿ ಮನೆ ಕುಂಟುತ್ತಾ ನಡೆಯುತ್ತಿತ್ತು. ರಘು ಮಾತ್ರ ದಿನವೂ ಬೆಳಿಗ್ಗೆ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಲ್ಯಾಪ್‌ಟಾಪ್ ಚೀಲ ಹಿಡಿದು, ಕಾರು ಹತ್ತಿ ಹೊರಡುತ್ತಿದ್ದ. ನಮ್ಮವರ ಕಣ್ಣಿಗೆ ಬೀಳಬಾರದೆಂದು ಪಕ್ಕದ ಊರಿನ ಲೈಬ್ರರಿಗೆ. ಸಂಜೆಯವರೆಗೆ ಅಲ್ಲಿ ಕೂತು ಕೆಲಸ ಹುಡುಕುತ್ತಿದ್ದ.

ಆ ಬಳಗದಲ್ಲಿ ನೀನೊಬ್ಬಳು ಬೇರೆ. ಧಾರವಾಡದವಳು, ಹೈವೇ ಪಕ್ಕದ ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿದ್ದವಳು, ಯೂನಿವರ್ಸಿಟಿಯ ಲ್ಯಾಬಿನಲ್ಲಿ ಸಂಶೋಧನೆ ಮಾಡುತ್ತಿದ್ದ ಪ್ರಕಾಶರ ಹೆಂಡತಿ. ನೀನು ಬಂದರೆ ನಾನು ನಗುವ ನಗೆಯೇ ಬೇರೆಯಾಗಿರುತ್ತಿತ್ತು. ಆ ಚಳಿಗಾಲಕ್ಕೆ ಮುಂಚೆ ನಾವಿಬ್ಬರೇ ಟ್ರೈನು ಹಿಡಿದು ಫ್ಲಶಿಂಗ್‌ನ ಗಣಪತಿ ದೇವಸ್ಥಾನಕ್ಕೆ ಹೋಗಿದ್ದೆವು. ದರ್ಶನ ಮುಗಿಸಿ ಕೆಳಗೆ ಕ್ಯಾಂಟೀನಿಗೆ ಬಂದೆವು. ನೀನು ಒಂದೇ ದೋಸೆ ತಂದು, ಅರ್ಧ ಮುರಿದು ನನ್ನ ಕಡೆ ತಳ್ಳಿದೆ. ನಾನು ಒಪ್ಪತ್ತು ಎಂದೆ. ನೀನು ಕೇಳಲಿಲ್ಲ.

“ತಿನ್ನು. ದೇವರು ಏನೂ ಅನ್ನೂದಿಲ್ಲ,” ಅಂದೆ. ಆಮೇಲೆ ಚಟ್ನಿ ಕಲಸುತ್ತಾ ನೀನೇ ಮಾತು ತೆಗೆದೆ. “ವೀಣಾ, ನಿನಗ ಒಬ್ಬಾಕಿಗೆ ಹೇಳ್ತೀನಿ, ಯಾರ ಮುಂದೂ ಆಡಬ್ಯಾಡ. ಇವರದು ಗ್ರ್ಯಾಂಟ್ ಮುಗದದ. ಲ್ಯಾಬಿನವರು ಮತ್ತ ತಗೋಳೂದಿಲ್ಲ ಅಂದಾರ. ಇನ್ಮ್ಯಾಲೆ ನಿಮ್ಮ ಕೂಡ ಹೊರಗ ಊಟಕ್ಕ ಬರೂದು ನಮಗ ಆಗೂದಿಲ್ಲ.” ತಲೆಯೆತ್ತಿ ನನ್ನ ಮುಖ ನೋಡಿ ಕೇಳಿದೆ: “ನಿಮ್ಮದು ಹೆಂಗ ನಡದದ?”

ಸುನಂದಾ, ಅಲ್ಲಿ — ಆ ಗದ್ದಲದಲ್ಲಿ — ನಮ್ಮದೂ ಹಾಗೇ ಕಣೇ ಅಂದುಬಿಟ್ಟಿದ್ದರೆ. ಬಾಯಿಯವರೆಗೂ ಬಂದಿತ್ತು.

“ನಮ್ಮದೇನು, ಚೆನ್ನಾಗಿದೆ. ದೇವರ ದಯೆ,” ಅಂದೆ.

ನೀನು ತಲೆಯಾಡಿಸಿ ದೋಸೆ ಮುಗಿಸಿದೆ.

ಅದಾಗಿ ಕೆಲವೇ ದಿನಕ್ಕೆ ಅನಿತಾಳ ಮನೆಯಲ್ಲಿ ಹೆಂಗಸರೆಲ್ಲ ಸೇರಿದ್ದೆವು. ನೀನು ಬಂದಿರಲಿಲ್ಲ. ಅವಳ ಮದುವೆಯ ವಾರ್ಷಿಕೋತ್ಸವವನ್ನು ಹಾಲ್ ತೆಗೆದುಕೊಂಡು ಗ್ರ್ಯಾಂಡ್ ಆಗಿ ಮಾಡುವ ಮಾತು. ಎಲ್ಲರೂ ಷೇರ್ ಹಾಕುವುದು, ಎಲ್ಲರಿಗೂ ಒಂದೇ ಥರದ ಸೀರೆ ಬೆಂಗಳೂರಿನಿಂದ ತರಿಸುವುದು ಎಂದೆಲ್ಲ ನಡೆದಿತ್ತು. ನಾನು ಸಿಂಕಿನ ಹತ್ತಿರ ನಿಂತು ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದೆ.

“ಯಾಕೆ ವೀಣಾ, ಸೈಲೆಂಟು?” ಅನಿತಾ ಕೇಳಿದಳು. “ಎಲ್ಲಾ ಓಕೆ ತಾನೇ? ಮೊನ್ನೆ ಮಧ್ಯಾಹ್ನ ಡ್ರೈವ್ ಮಾಡ್ಕೊಂಡು ಹೋಗ್ತಾ ಲೈಬ್ರರಿ ಹತ್ರ ರಘು ಕಾರ್ ನೋಡ್ದೆ. ಆಫೀಸಿಗೆ ಹೋಗಿರ್ಲಿಲ್ವಾ?”

ಎಲ್ಲರೂ ನನ್ನ ಕಡೆ ತಿರುಗಿದರು. ಆ ಕ್ಷಣ ನಾನು ಯೋಚಿಸಲಿಲ್ಲ ಎಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ಯೋಚಿಸಿದೆ. ಚೆನ್ನಾಗಿಯೇ ಯೋಚಿಸಿದೆ.

“ಅಯ್ಯೋ, ಅವರಿಗೆ ಅಲ್ಲೊಂದು ಕ್ಲೈಂಟ್ ಮೀಟಿಂಗ್ ಇತ್ತು. ನಾನು ಯೋಚನೆ ಮಾಡ್ತಿರೋದು ನಮ್ಮದಲ್ಲ, ಸುನಂದಾದು,” ಅಂದೆ. “ಪಾಪ, ಪ್ರಕಾಶ್‌ಗೆ ಕೆಲಸ ಹೋಗಿದೆ. ತುಂಬಾ ಟೈಟ್ ಅಂತೆ. ಹೇಳ್ಕೊಳ್ಳೋಕೂ ಆಗಲ್ಲ ಅವಳಿಗೆ. ಸುಮ್ನೆ ಕರೆದು ಮುಜುಗರ ಮಾಡೋದು ಯಾಕೆ? ಈ ಸಲ ಅವರನ್ನ ಬಿಟ್ಟುಬಿಡೋಣ.”

ಬಿಟ್ಟುಬಿಡೋಣ. ಈ ಒಂದು ಮಾತು.

ಅನಿತಾಳ ಕಣ್ಣಲ್ಲಿ ನೀರು ಬಂತು — ನಿಜಕ್ಕೂ ಬಂತು. ‘ನೀನು ಹೇಳಿದ್ದು ಒಳ್ಳೇದಾಯ್ತು’ ಎಂದು ನನ್ನ ಭುಜ ಹಿಡಿದಳು. ರಘುವಿನ ಕಾರನ್ನು ಎಲ್ಲರೂ ಮರೆತರು. ಅಲ್ಲೇ ನಿಂತಂತೆಯೇ ಹೊಸ ವಾಟ್ಸಾಪ್ ಗ್ರೂಪ್ ತೆರೆದರು, ನಿನ್ನನ್ನು ಹೊರಗಿಟ್ಟು. ಹಳೆಯ ಗ್ರೂಪಿನಲ್ಲಿ ನೀನೊಬ್ಬಳೇ ಹಬ್ಬಕ್ಕೆ ಶುಭಾಶಯ ಹಾಕುತ್ತಿದ್ದೆ. ಉತ್ತರಕ್ಕೆ ಯಾರಾದರೊಬ್ಬರು ಒಂದು ಹೂವಿನ ಚಿತ್ರ ಹಾಕುತ್ತಿದ್ದರು. ನಾನು ಆ ಸಮಾರಂಭಕ್ಕೆ ಹೋದೆ. ಷೇರ್ ಹೇಗೆ ಹಾಕಿದೆ ಎಂದು ಕೇಳಬೇಡ, ಅಮ್ಮ ಕೊಟ್ಟಿದ್ದ ಬಳೆ ಇವತ್ತು ನನ್ನ ಹತ್ತಿರ ಇಲ್ಲ. ಸೀರೆ ಉಟ್ಟು ಸಾಲಿನ ಮಧ್ಯೆ ನಿಂತು ಫೋಟೋ ತೆಗೆಸಿಕೊಂಡೆ.

ಆ ಫೋಟೋ ಎಲ್ಲಿಂದಲೋ ನಿನಗೆ ಸಿಕ್ಕಿತು. ನನಗೆ ಫೋನ್ ಮಾಡಿ, “ನಮ್ಮನ್ನ ಯಾಕ ಕರೀಲಿಲ್ಲ ವೀಣಾ? ನನ್ನಿಂದ ಏನರ ತಪ್ಪಾತೇನು?” ಎಂದು ಕೇಳಿದೆ.

“ಛೇ, ಇಲ್ಲ ಕಣೇ. ಲಾಸ್ಟ್ ಮಿನಿಟಲ್ಲಿ ಆಗಿದ್ದು. ಅನಿತಾ ಮರ್ತಿರ್ಬೇಕು,” ಅಂದೆ. ನಿನ್ನ ದನಿಯಲ್ಲಿದ್ದ ಆ ಅಂಜಿಕೆ — ತಪ್ಪು ತನ್ನದೇ ಇರಬೇಕು ಎಂದು ಹುಡುಕುವವರ ದನಿ — ಅದನ್ನು ಕೇಳಿಯೂ ಹೀಗೆ ಅಂದೆ.

ಭಾನುವಾರದ ಕನ್ನಡ ಕ್ಲಾಸಿನಲ್ಲಿ ಆದದ್ದನ್ನು ನಾನು ನೆನಪಿಸಬೇಕಾಗಿಲ್ಲ. ಆದರೂ ನಾನು ಕಂಡದ್ದನ್ನು ಹೇಳಲೇಬೇಕು. ಅನಿತಾ ತನ್ನ ಮಗಳಿಗೆ ಚಿಕ್ಕದಾದ ಬಟ್ಟೆಗಳನ್ನು ಚೀಲದಲ್ಲಿ ತುಂಬಿ ನಿಮ್ಮ ಮನೆಗೆ ಕೊಟ್ಟು ಬಂದಿದ್ದಳು. ಮಕ್ಕಳ ಬಟ್ಟೆ ಒಬ್ಬರಿಂದ ಒಬ್ಬರಿಗೆ ಹೋಗುವುದು ಇಲ್ಲಿ ಮಾಮೂಲು. ನೀನೂ ಸಹಜವಾಗಿಯೇ ತೆಗೆದುಕೊಂಡಿದ್ದೆ. ಅದರಲ್ಲಿದ್ದ ನೇರಳೆ ಬಣ್ಣದ ಜಾಕೆಟ್ಟು ಹಾಕಿಕೊಂಡು ನಿನ್ನ ಮಗಳು ಭೂಮಿ ಕ್ಲಾಸಿಗೆ ಬಂದಳು. ಕ್ಲಾಸು ಬಿಟ್ಟು ಅಪ್ಪ ಅಮ್ಮಂದಿರೆಲ್ಲ ಬಾಗಿಲಲ್ಲಿ ನಿಂತಿದ್ದಾಗ ಅನಿತಾಳ ಮಗಳು ಖುಷಿಯಿಂದಲೇ ಹೇಳಿದಳು: “ಹೇ, ದಟ್ ವಾಸ್ ಮೈನ್. ಮೈ ಮಾಮ್ ಸೆಡ್ ಯು ಗೈಸ್ ಕಾಂಟ್ ಅಫೋರ್ಡ್ ಒನ್.”

ನಿಮಗೆ ಕೊಳ್ಳುವ ಶಕ್ತಿಯಿಲ್ಲ ಎಂದು ಅವಳಮ್ಮ ಹೇಳಿದ್ದನ್ನು ಹಾಗೇ ಒಪ್ಪಿಸಿದಳು. ನೀನು ಅನಿತಾಳನ್ನು ನೋಡಲಿಲ್ಲ. ನನ್ನನ್ನು ನೋಡಿದೆ. ಭೂಮಿಯ ಮುಂದೆ ಮಂಡಿಯೂರಿ, ಜಿಪ್ ಎಳೆದು, ಜಾಕೆಟ್ಟು ಬಿಚ್ಚಿ, ಮಡಚಿ ಕುರ್ಚಿಯ ಮೇಲಿಟ್ಟೆ. ನಿನ್ನ ಶಾಲನ್ನು ಮಗುವಿಗೆ ಸುತ್ತಿ ಹೊರಟೆ. ಹೊರಗೆ ಹಿಮ ಗಟ್ಟಿಯಾಗಿತ್ತು, ಪಾರ್ಕಿಂಗಿನ ಆ ತುದಿಯವರೆಗೆ ನೀನು ಬರೀ ಕುರ್ತಾದಲ್ಲಿ ನಡೆದು ಹೋದೆ. ನನ್ನ ಮೈಮೇಲೆ ಕೋಟು ಇತ್ತು. ನಾನು ನಿಂತಲ್ಲೇ ನಿಂತಿದ್ದೆ.

ಸಂಜೆ ನಿನ್ನ ಫೋನ್ ಬಂತು. ಬೈಯುತ್ತೀಯ ಎಂದು ಕಾದೆ. ಬೈದಿದ್ದರೆ ನಾನೂ ಏನಾದರೂ ಹೇಳಿ ಜಗಳವಾಡಿ ಹಗುರಾಗುತ್ತಿದ್ದೆನೋ ಏನೋ.

“ಇವರೂ ರಘು ಅವರೂ ದಿನಾ ಒಂದ ಲೈಬ್ರರಿಯೊಳಗ ಕೂಡತಾರ, ವೀಣಾ,” ಅಂದೆ. “ಯಾರಿಗೂ ಹೇಳಬ್ಯಾಡ್ರಿ, ನಿಮಗ ಗೊತ್ತದ ಅಂತ ನಮ್ಮ ಮನ್ಯಾಗೂ ತಿಳಿಸಬ್ಯಾಡ್ರಿ ಅಂತ ರಘು ಅವರು ಇವರ ಕೈ ಹಿಡದಿದ್ದರಂತ. ನಾವು ಹೇಳಲಿಲ್ಲ. ಕ್ಯಾಂಟೀನಿನೊಳಗ ನಾ ಮೊದಲ ನಮ್ಮ ಸುದ್ದಿ ತಗದೆ. ನಿನಗ ಹೇಳಲಿಕ್ಕೆ ಹಗುರ ಆಗಲಿ ಅಂತ.”

ನಾನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದೆ.

“ಇರಲಿ. ಇಡ್ತೀನಿ,” ಅಂದೆ ನೀನು.

ಬೇಸಿಗೆಗೆ ನೀವು ಟೆಕ್ಸಾಸಿನ ಕಡೆ ಹೋದಿರಿ, ಪ್ರಕಾಶರಿಗೆ ಒಂದು ಸಣ್ಣ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತೆಂದು ಕೇಳಿದೆ. ಸಾಮಾನು ತುಂಬುವ ದಿನ ನಾನು ಬರಲಿಲ್ಲ. ರಘುವಿಗೂ ಮಾರಿಸ್‌ಟೌನ್‌ನಲ್ಲಿ ಕೆಲಸ ಸಿಕ್ಕಿತು. ನಾವು ಬಳಗದಲ್ಲಿ ಉಳಿದೆವು. ಅನಿತಾ ನನ್ನನ್ನು ‘ಸೆನ್ಸಿಟಿವ್’ ಅನ್ನುತ್ತಾಳೆ, ಯಾರಿಗೆ ಏನು ಕಷ್ಟವಾದರೂ ನನ್ನನ್ನೇ ಕೇಳುತ್ತಾಳೆ. ವರ್ಷಗಟ್ಟಲೆ ಆ ಹೆಸರನ್ನು ಹೊತ್ತುಕೊಂಡು ಅವಳ ಮನೆಯಲ್ಲಿ ಉಂಡೆ.

ಹೋದ ತಿಂಗಳು, ಊರಿಗೆ ಹೊಸದಾಗಿ ಬಂದ ಗಂಡ ಹೆಂಡಿರಿಬ್ಬರನ್ನು ಅವಳು ಮನೆಗೆ ಊಟಕ್ಕೆ ಕರೆದಿದ್ದಳು. ಚಿಕ್ಕವರು, ಮೈಸೂರಿನವರು. “ಇಲ್ಲಿ ನಾವೆಲ್ಲ ಒಂದೇ ಫ್ಯಾಮಿಲಿ ಥರ. ಹಿಂದೆ ಒಬ್ಳಿದ್ಲು, ಸುನಂದಾ ಅಂತ. ಪಾಪ, ಕಷ್ಟ ಬಂದಾಗ ನಾವೇ ಬಟ್ಟೆಬರೆ ಎಲ್ಲಾ ಕೊಟ್ವಿ. ಒಂದು ಮಾತೂ ಹೇಳ್ದೆ ಹೊರಟುಹೋದ್ಲು ನೋಡಿ,” ಎಂದು ಅನಿತಾ ಹೇಳುತ್ತಿದ್ದಳು.

ನಾನು ತಟ್ಟೆ ಕೆಳಗಿಟ್ಟೆ. “ಆಗ ನಮ್ಮನೇಲೂ ಕೆಲಸ ಇರ್ಲಿಲ್ಲ, ಅನಿತಾ. ಸುನಂದಾಗೆ ಗೊತ್ತಿತ್ತು. ಅವಳು ಯಾರಿಗೂ ಹೇಳ್ಲಿಲ್ಲ. ನಾನು ನಮ್ಮದು ಮುಚ್ಚಿಡೋಕೆ ಅವಳದ್ದು ಹೇಳ್ದೆ,” ಅಂದೆ.

ಎಷ್ಟೋ ವರ್ಷದಿಂದ ಹೆದರಿದ್ದ ಗಳಿಗೆ. ಏನೂ ಆಗಲಿಲ್ಲ. “ಅಯ್ಯೋ, ಆಗ್ಲೇ ಹೇಳೋದಲ್ವಾ? ನಾವೇನು ಬೇರೆಯವರಾ?” ಅಂದಳು ಅನಿತಾ. ಆಮೇಲೆ, “ಹಳೇದೆಲ್ಲ ಯಾಕೀಗ. ಹೋಳಿಗೆ ಹಾಕ್ಕೋ,” ಅಂದಳು. ಮಾತು ಸ್ಕೂಲಿನ ಕಡೆ ಹೊರಳಿತು. ಇವರಿಗಾಗಿ, ಇಷ್ಟಕ್ಕಾಗಿ, ನಿನ್ನನ್ನು ಬಿಟ್ಟುಕೊಟ್ಟೆ. ಆ ಹೊಸ ಹುಡುಗಿ ಮಾತ್ರ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಅವಳ ಮನೆಯ ಸ್ಥಿತಿ ಏನೋ ನನಗೆ ಗೊತ್ತಿಲ್ಲ, ನಾನು ಕೇಳಲಿಲ್ಲ. ಕೇಳಿಸಿಕೊಳ್ಳಲು ನಾನು ಯೋಗ್ಯಳಲ್ಲ.

ಆಮೇಲೆ ಅನಿತಾಳ ಮನೆಗೆ ಹೋಗಿಲ್ಲ. ಹೋಗುವುದೂ ಇಲ್ಲ. ಇದನ್ನು ಶಿಕ್ಷೆಯೆಂದು ಎಣಿಸುತ್ತಿಲ್ಲ — ನನಗಾದದ್ದು ಏನೂ ಅಲ್ಲ.

ನಿನ್ನ ನಂಬರು ನನ್ನ ಹತ್ತಿರ ಇದೆ. ಹಲವು ಸಲ ಒತ್ತಲು ಹೋಗಿ ಬಿಟ್ಟಿದ್ದೇನೆ, ಹೆದರಿಕೆಯಿಂದಲ್ಲ. ನಿನ್ನನ್ನು ಬಲ್ಲೆ. ನಾನು ಅತ್ತರೆ ನೀನು ಸಮಾಧಾನ ಹೇಳುತ್ತೀಯ, ಆದದ್ದಾತು ಬಿಡು ಅನ್ನುತ್ತೀಯ, ಊಟ ಆತೇನು ಎಂದು ಕೇಳಿಬಿಡುತ್ತೀಯ. ನಿನ್ನ ಕಷ್ಟವನ್ನು ಒಮ್ಮೆ ಬಳಸಿಕೊಂಡವಳು ನಾನು. ನಿನ್ನ ಒಳ್ಳೆಯತನವನ್ನೂ ಬಳಸಿಕೊಳ್ಳುವುದಿಲ್ಲ.