ಬ್ಯಾಟರಿಯ ಸೆಕೆ

ಸೀವುಡ್ಸಿನಿಂದ ಠಾಣೆಯ ವಾಗ್ಳೆ ಎಸ್ಟೇಟಿನ ಆಫೀಸಿಗೆ ನಾನು ಹಲವು ವರ್ಷ ಟ್ರೇನಿನಲ್ಲೇ ಹೋದವಳು. ಚಿಕ್ಕಂದಿನ ಪೋಲಿಯೊದಿಂದ ನನ್ನ ಎಡಗಾಲಿಗೆ ಬಲವಿಲ್ಲ. ನೆರೂಳಿನಲ್ಲಿ ಗಾಡಿ ಬದಲಿಸುವಾಗ ಹತ್ತಿಳಿಯುತ್ತಿದ್ದ ಮೆಟ್ಟಿಲುಗಳನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಎರಡು ಸಾವಿರದ ಹತ್ತರ ಆಸುಪಾಸಿನಲ್ಲಿ ಹಟ ಹಿಡಿದು, ಕ್ಲಚ್ಚಿಲ್ಲದ ಪುಟ್ಟ ಎಲೆಕ್ಟ್ರಿಕ್ ಕಾರೊಂದನ್ನು ಕೊಂಡೆ. ಬಲಗಾಲೊಂದೇ ಸಾಕು. ಮೊದಲ ಸಲ ಯಾರ ಕೈಯನ್ನೂ ಹಿಡಿಯದೆ ಆಫೀಸು ಮುಟ್ಟಿದಾಗ ಖುಷಿಯಿಂದ ಹಾರ್ನ್ ಬಾರಿಸಿದೆ.

ಎಲ್ಲವನ್ನೂ ಕೆದಕುವುದು ನನ್ನ ಚಾಳಿ. ಕಾರನ್ನು ಓಡಿಸುವ ದೊಡ್ಡ ಬ್ಯಾಟರಿಯಲ್ಲದೆ, ಬಾನೆಟ್ಟಿನ ಕೆಳಗೆ ಹನ್ನೆರಡು ವೋಲ್ಟಿನ ಸಣ್ಣದೊಂದಿತ್ತು. ದೀಪ ಉರಿಸುವುದು, ಬೆಳಿಗ್ಗೆ ಕಾರನ್ನು ಎಬ್ಬಿಸುವುದು ಅದರ ಕೆಲಸ. ದೊಡ್ಡದೇ ಅದಕ್ಕೆ ಚಾರ್ಜ್ ಕೊಡುತ್ತದೆ. ಎಷ್ಟು ಕೊಡುತ್ತದೋ ನೋಡೋಣವೆಂದು ಸಿಗರೇಟ್ ಲೈಟರಿನ ಸಾಕೆಟ್ಟಿಗೆ ಪುಟ್ಟ ವೋಲ್ಟ್‌ಮೀಟರ್ ಸಿಕ್ಕಿಸಿದೆ. ಡಿಸೆಂಬರಿನ ಬೆಳಿಗ್ಗೆ ಹದಿನಾಲ್ಕೂವರೆ ಮುಟ್ಟುತ್ತಿದ್ದ ಅಂಕಿ ಏಪ್ರಿಲಿನಲ್ಲಿ ಹದಿಮೂರೂವರೆಗೆ ಇಳಿಯಿತು. ಕಾರು ಕೆಟ್ಟಿತೇ ಎಂದು ಗಾಬರಿಯಾಗಿ ಓದಿ ನೋಡಿದರೆ, ಅದು ಕಾರಿನ ಜಾಣತನ! ಚಳಿಯಲ್ಲಿ ಬ್ಯಾಟರಿ ಮಂಕಾಗಿರುತ್ತದೆ, ಹೆಚ್ಚು ವೋಲ್ಟೇಜು ಬೇಕು. ಸೆಕೆಯಲ್ಲಿ ಅಷ್ಟೇ ಕೊಟ್ಟರೆ ಒಳಗಿನ ನೀರು ಆರಿಹೋಗುತ್ತದೆ. ಬ್ಯಾಟರಿಯ ಮೈಗೆ ಅಂಟಿಸಿದ ಸೆನ್ಸರ್ ಬಿಸಿ ನೋಡಿ ಹೇಳುತ್ತದೆ, ಕಾರು ಅದರಂತೆ ಬಡಿಸುತ್ತದೆ.

ನಮ್ಮ ಜೊತೆಗೇ ಇದ್ದ ಮಾವ, ನನ್ನ ಗಂಡನ ತಂದೆ, ಉಡುಪಿಯವರು; ತುರ್ಭೆಯಲ್ಲಿ ಹೋಟೆಲು ನಡೆಸುತ್ತಿದ್ದರು. ಬಾನೆಟ್ ಎತ್ತಿ ಅವರಿಗೂ ಉತ್ಸಾಹದಿಂದ ವಿವರಿಸಿದೆ.

"ಬ್ಯಾಟರಿಗೂ ಸೆಕೆ ಆಗ್ತದಾ ಮಗಾ? ಪಾಪ," ಎಂದರು.

ಮೇ ತಿಂಗಳಲ್ಲಿ, ಆಫೀಸಿಗೆ ಹೋಗುವಾಗ ನೋಡಿದರೆ ಅಂಕಿ ಮತ್ತೆ ಡಿಸೆಂಬರಿನಷ್ಟು ಮೇಲೇರಿತ್ತು. ನಾನು ಬೆವರಿನಲ್ಲಿ ತೊಯ್ದಿದ್ದೇನೆ, ಕಾರಿಗೆ ಮಾತ್ರ ಚಳಿ! ದಿನವೂ ಇದೇ ಕಥೆ. ತಲೆ ಕೆರೆದುಕೊಂಡಷ್ಟೂ ಅರ್ಥವಾಗಲಿಲ್ಲ. ಕೊನೆಗೊಂದು ಬೆಳಿಗ್ಗೆ ಕಾರು ಏಳಲೇ ಇಲ್ಲ. ದೊಡ್ಡ ಬ್ಯಾಟರಿ ಭರ್ತಿಯಾಗಿತ್ತು, ಸಣ್ಣದು ಸತ್ತಿತ್ತು.

"ಸಾಕು ಇದರ ಸಹವಾಸ, ಮಾರಿಬಿಡುವ," ಎಂದರು ನನ್ನ ಗಂಡ. "ಟ್ರೇನಲ್ಲಿ ಹ್ಯಾಂಡಿಕ್ಯಾಪ್ ಡಬ್ಬ ಉಂಟಲ್ಲ."

ಆ ಬೋಗಿಯ ತನಕ ತಲುಪುವುದು ಹೇಗೆಂಬ ಯೋಚನೆ ಅವರಿಗಿರಲಿಲ್ಲ. ನನಗೆ ಸಿಟ್ಟಿಗೆ ಅಳುವೇ ಬಂತು. ಅದೇ ಸಿಟ್ಟಿನಲ್ಲಿ ಬಾನೆಟ್ ಎತ್ತಿದೆ. ಬ್ಯಾಟರಿಯ ಸುತ್ತ, ಸೆನ್ಸರನ್ನೂ ಮುಚ್ಚಿ, ಮೈ ಒರೆಸುವ ಒದ್ದೆ ಬೈರಾಸು! ಬೇಸಿಗೆಯಲ್ಲಿ ಹೋಟೆಲಿನ ಮಜ್ಜಿಗೆ ಭರಣಿಗೆ ತಣ್ಣಗಿರಲೆಂದು ಸುತ್ತುವಷ್ಟೇ ಅಚ್ಚುಕಟ್ಟು. ಯಾರ ಕೆಲಸವೆಂದು ಕೇಳಬೇಕಾಗಿರಲಿಲ್ಲ. ದಿನಾ ನಸುಕಿನಲ್ಲಿ ಹೋಟೆಲಿಗೆ ಹೊರಡುವಾಗ ಮಾವ ಅದನ್ನು ಒದ್ದೆ ಮಾಡಿ ಹೋಗುತ್ತಿದ್ದರೆಂದು ಆಮೇಲೆ ತಿಳಿಯಿತು.

ಸಂಜೆ ಅವರು ಬಂದಾಗ ರೇಗಬೇಕೆಂದಿದ್ದೆ. ಮುಖ ನೋಡಿ ದನಿ ಇಳಿಯಿತು. "ಮಾವ, ಸೆನ್ಸರ್ ಮಾತ್ರ ತಣ್ಣಗಾಯ್ತು. ಚಳಿ ಅಂದ್ಕೊಂಡು ಕಾರು ಜಾಸ್ತಿ ಜಾಸ್ತಿ ಕೊಟ್ಬಿಡ್ತು, ಒಳಗಿನ ನೀರು ಆರಿಹೋಯ್ತು."

"ಒಳಗೆ ಬೇಯ್ತಾ ಇತ್ತಾ?" ಎಂದು ಪೆಚ್ಚಾಗಿ ನಿಂತರು. ಆಮೇಲೆ ಮಗನ ಕಡೆ ತಿರುಗಿದರು. "ಗಾಡಿದು ತಪ್ಪಿಲ್ಲ. ಹೊಸ ಬ್ಯಾಟರಿ ಹಾಕಿಸು, ಮಾರುದು ಬೇಡ."

"ನಾಳೆ ಮತ್ತೆ ಕೈಕೊಟ್ರೆ?"

"ಆಗ ಮತ್ತೊಂದು ಹಾಕಿಸುವ. ಟ್ರೇನಲ್ಲಿ ಹೋಗಿ ಬಂದು ಇವಳು ಬಚ್ಚಲಲ್ಲಿ ಬಾಗಿಲು ಹಾಕಿ ಅಳ್ತಿದ್ದದ್ದು ನಿಂಗೆ ಗೊತ್ತಿಲ್ವಾ? ನಂಗೆ ಕೇಳ್ತಿತ್ತು ಮಾರಾಯ."

ನಲ್ಲಿ ಬಿಟ್ಟುಕೊಂಡರೆ ಯಾರಿಗೂ ಕೇಳಿಸುವುದಿಲ್ಲ ಎಂದು ನಾನು ಅಷ್ಟೂ ವರ್ಷ ನಂಬಿಕೊಂಡಿದ್ದೆ.